ತಾಯಿಯ ಹಾಲು ಮತ್ತು ನಮ್ಮ ಸಂಘದ ಕರ್ತವ್ಯ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯವನ್ನು ಬೋರ್ಡಿನ ಮೇಲೆ ಬರೆದಾಗ ಕೆಲವರು ನಕ್ಕರು. ಬೋನಸ್ಸು, ಪ್ರಾವಿಡೆಂಟ್ ಫಂಡು, ವಾರದ ರಜೆ ಇವುಗಳ ಮಾತು ನಡೆಯುವ ವೇದಿಕೆಯಲ್ಲಿ ಎದೆಹಾಲಿನ ಮಾತೇನು, ಅದೂ ಕಪ್ಪುಬಸಿ ತೊಳೆದು ಬೆಳೆದ ಗಂಡಸರು ಆಡುವುದೇನು ಎಂದು ಕೇಳಿದರು. ಕೇಳಬೇಕಾದ ಮಾತೇ. ನಾವು ವೈದ್ಯರಲ್ಲ, ಪಂಡಿತರಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಸಂಘ ಒಂದು ತಪ್ಪು ಮಾಡಿತ್ತು. ಅದನ್ನು ತಮ್ಮೆದುರಿಗೆ ಒಪ್ಪಿಕೊಳ್ಳದೆ ಮುಂದಿನ ಮಾತು ಆಡಲಾಗುವುದಿಲ್ಲ.

ಎರಡು ವರ್ಷದ ಹಿಂದಿನ ಸಂಗತಿ. ನಮ್ಮ ಸದಸ್ಯರೊಬ್ಬರು, ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವವರು, ಯಾದಗಿರಿ ಕಡೆಯವರು. ಅವರ ಮನೆಯಾಕೆ ತವರಿನಲ್ಲಿ ಹೆತ್ತು, ಒಂದೂವರೆ ತಿಂಗಳ ಕೂಸನ್ನು ಎತ್ತಿಕೊಂಡು ಮುಂಬಯಿಗೆ ಬಂದರು. ಬಂದ ಹತ್ತು ದಿನಕ್ಕೆಲ್ಲ ಮಗು ರಾತ್ರಿಯಿಡೀ ಅಳುತ್ತದೆ, ತಾಯಿಗೆ ಹಾಲಿಲ್ಲ ಎಂದು ಸುದ್ದಿ ಬಂತು. ನಾವು ಏನು ಮಾಡಿದೆವು? ಸಂಘದವರಲ್ಲವೆ, ಕೂಡಲೆ ಚಂದಾ ಎತ್ತಿದೆವು. ಎರಡು ಡಬ್ಬಿ ಹಾಲಿನ ಪುಡಿ, ಒಂದು ಬಾಟಲಿ ಕೊಂಡು ಕೊಟ್ಟೆವು. ಲೆಕ್ಕದ ಪುಸ್ತಕದಲ್ಲಿ ‘ಸಹಾಯಾರ್ಥ’ ಎಂದು ಬರೆದುಕೊಂಡು, ಒಂದು ಪುಣ್ಯದ ಕೆಲಸ ಆಯಿತೆಂದು ಚಹಾ ಕುಡಿದೆವು.

ಆ ಡಬ್ಬಿಯ ಮೇಲೆಯೇ ‘ತಾಯಿಯ ಹಾಲೇ ಶ್ರೇಷ್ಠ’ ಎಂಬರ್ಥದ ಎಚ್ಚರಿಕೆ ಅಚ್ಚಾಗಿರುತ್ತದೆ. ಹಾಗೆ ಅಚ್ಚು ಹಾಕಬೇಕು, ಶಿಶುಗಳ ಹಾಲಿನ ಪುಡಿಗೆ ಜಾಹೀರಾತು ಕೊಡಬಾರದು ಎಂದು 1992ರಲ್ಲೇ ನಮ್ಮ ದೇಶದಲ್ಲಿ ಕಾನೂನು ಆಗಿದೆ. ದಿನವೂ ಬಿಲ್ಲು ಓದುವ ನಾವು ಅದನ್ನು ಓದಿರಲಿಲ್ಲ.

ಡಬ್ಬಿ ಬೇಗ ತೀರುತ್ತದೆಂಬ ಭಯ. ನಾಲ್ಕು ಚಮಚ ಹಾಕುವಲ್ಲಿ ಎರಡು ಹಾಕಿದರು. ನೀರು ಚಾಳಿನ ಡ್ರಮ್ಮಿನದು. ಬಾಟಲಿಗೆ ರುಚಿ ಹತ್ತಿದ ಮಗು ಎದೆಗೆ ಬಾಯಿ ಇಡದಾಯಿತು. ಮಗು ಚೀಪದೆ ಇದ್ದಬದ್ದ ಹಾಲೂ ಇಳಿಯಿತು. ಇಪ್ಪತ್ತು ದಿನದೊಳಗೆ ಭೇದಿ ಹಿಡಿದು ಕೂಸು ಆಸ್ಪತ್ರೆ ಸೇರಿತು. ಕಣ್ಣು ಒಳಗೆ ಹೋಗಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಅಲ್ಲಿಯ ಡಾಕ್ಟರಮ್ಮನವರು ‘ಈ ಡಬ್ಬಿ ಯಾರು ತಂದದ್ದು?’ ಎಂದು ಕೇಳಿದರು. ‘ನಮ್ಮ ಸಂಘದಿಂದ’ ಎಂದು ನಾವೇ ಮುಂದೆ ಬಂದು ಹೇಳಿದೆವು. ಅವರು ಬಯ್ಯಲಿಲ್ಲ. ‘ಮುಂದಿನ ಸಲ ಡಬ್ಬಿ ತರಬೇಡಿ, ಒಬ್ಬ ಹೆಂಗಸನ್ನು ಕರೆದುಕೊಂಡು ಬನ್ನಿ’ ಎಂದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ನಾವು ಹೆಂಗಸನ್ನು ಹುಡುಕಿದೆವು. ದೂರ ಹೋಗಬೇಕಾಗಲಿಲ್ಲ. ಅದೇ ಚಾಳಿನಲ್ಲಿ, ಕಲಬುರಗಿ ಕಡೆಯ ಮಾತೇ ಆಡುವ, ಮೂರು ಮಕ್ಕಳ ತಾಯಿ ಒಬ್ಬರಿದ್ದರು. ಮನೆಗೆಲಸ ಮುಗಿಸಿ ಮಧ್ಯಾಹ್ನ ಬಂದು ಆ ಬಾಣಂತಿಯ ಪಕ್ಕದಲ್ಲಿ ಕುಳಿತರು. ಎರಡನೆಯ ದಿನ ನಮ್ಮನ್ನು ಕರೆಸಿ ಹೇಳಿದ್ದನ್ನು ಕೇಳಿ ನಮಗೆ ತಲೆ ಎತ್ತಲಾಗಲಿಲ್ಲ. ಆ ಖೋಲಿ ಎಂಟಡಿ ಹತ್ತಡಿ. ಅದರಲ್ಲಿ ಗಂಡ ಹೆಂಡತಿಯ ಜೊತೆಗೆ ಅದೇ ಹೋಟೆಲಿನ ಇನ್ನಿಬ್ಬರು ಮಲಗುತ್ತಿದ್ದರು. ಪರಗಂಡಸರು ಇದ್ದಾರೆಂದು ಆ ತಾಯಿ ರಾತ್ರಿ ಮಗುವಿಗೆ ಎದೆಗೊಡುತ್ತಲೇ ಇರಲಿಲ್ಲ. ಹಗಲಲ್ಲಿಯೂ ಸೆರಗಿನೊಳಗೆ ಮುದುಡಿಕೊಂಡು ಕುಳಿತು ಕೊಡುವುದರಿಂದ ಮಗುವಿನ ಬಾಯಿಗೆ ತೊಟ್ಟಿನ ತುದಿ ಮಾತ್ರ ಸಿಗುತ್ತಿತ್ತು. ಕೊರತೆ ಹಾಲಿನದಲ್ಲ, ಜಾಗದ್ದು!

ಮದ್ದು ಏನೆಂದರೆ, ಖೋಲಿಗೆ ಅಡ್ಡವಾಗಿ ಒಂದು ಹಳೆ ಸೀರೆ ಕಟ್ಟಿದರು. ಆ ಇಬ್ಬರು ಸದಸ್ಯರು ಹೋಟೆಲಿನ ಮಾಳಿಗೆಯಲ್ಲಿ ಮಲಗಲು ಒಪ್ಪಿದರು. ಇಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳಬಾರದೆಂದು ಅವರ ಆಣೆ. ಆಕೆ ಮಗುವನ್ನು ಮೈಗೆ ಮೈ ಹಚ್ಚಿ ಮಲಗಿಸಿ, ಗಳಿಗೆ ಗಳಿಗೆಗೂ ಚೀಪಿಸಿ, ಮೇಲುಹಾಲನ್ನು ಡಾಕ್ಟರರು ಹೇಳಿದ ಅಳತೆಯಲ್ಲಿ ಒಳಲೆಯಲ್ಲಿ ಕೊಡುತ್ತ, ದಿನ ದಿನಕ್ಕೆ ಕಡಿಮೆ ಮಾಡುತ್ತ ಬಂದರು. ಮೂರು ವಾರ ಹಿಡಿಯಿತು. ಈಗ ಆ ಮಗು ಸಂಘದ ಕುರ್ಚಿ ಎಳೆದು ಬೀಳಿಸುತ್ತದೆ.

ಇದರ ಗುಟ್ಟು ಹೋಟೆಲಿನವರಿಗೆ ಬೇಗ ತಿಳಿಯುತ್ತದೆ. ಆರ್ಡರು ಬಂದಷ್ಟೇ ಭಟ್ಟರು ದೋಸೆ ಹುಯ್ಯುತ್ತಾರೆ. ಆರ್ಡರು ನಿಂತರೆ ಒಲೆ ಸಣ್ಣ ಮಾಡುತ್ತಾರೆ. ಎದೆಯೂ ಹಾಗೆಯೇ. ಮಗು ಚೀಪಿ ಬರಿದು ಮಾಡಿದಷ್ಟು ಮತ್ತೆ ತುಂಬುತ್ತದೆ. ಅದರಲ್ಲೂ ಹಾಲು ಹುಟ್ಟಿಸುವ ರಸ ರಾತ್ರಿಯ ಹೊತ್ತು ಹೆಚ್ಚು ಸುರಿಯುವುದರಿಂದ ರಾತ್ರಿ ಕೊಡುವುದು ಬಿಟ್ಟರೆ ಹಾಲು ಸೊರಗುತ್ತದೆ. ಬಾಟಲಿ ಕೊಟ್ಟೆವೆಂದರೆ ಆರ್ಡರು ಪಕ್ಕದ ಹೋಟೆಲಿಗೆ ಹೋಯಿತೆಂದು ಲೆಕ್ಕ. ಮಗು ಅತ್ತ ಮಾತ್ರಕ್ಕೆ ಹಾಲಿಲ್ಲ ಎನ್ನಬಾರದು. ಮೊದಲ ವಾರ ಕಳೆದ ಮೇಲೆ ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದೆ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಆರು ತಿಂಗಳು ತುಂಬುವವರೆಗೆ ಜೇನು ಬೇಡ, ಸಕ್ಕರೆ ನೀರು ಬೇಡ, ಬರೀ ನೀರೂ ಬೇಡ. ಮುಂಬಯಿಯ ಸೆಕೆಯಲ್ಲೂ ಬೇಡ, ಹಾಲಿನಲ್ಲೇ ನೀರಿದೆ. ಹೆತ್ತ ಕೂಡಲೆ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವ ರೂಢಿ ನಮ್ಮ ಕೆಲವು ಮನೆಗಳಲ್ಲಿ ಈಗಲೂ ಉಂಟು. ಹಸುವಿನ ಗಿಣ್ಣನ್ನು ಚಪ್ಪರಿಸಿ ತಿನ್ನುವ ಜನ ನಾವು, ತಾಯಿಯ ಗಿಣ್ಣನ್ನು ಮಗುವಿಗೆ ತಪ್ಪಿಸುತ್ತೇವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕಂಡ ಮಕ್ಕಳು ನೂರಕ್ಕೆ 42. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲಿನ ಮೇಲಿದ್ದವರು ನೂರಕ್ಕೆ 64.

ಹಾಲೂಡಿಸಿದ ತಾಯಿಯೇ ಇನ್ನೊಬ್ಬ ತಾಯಿಗೆ ಹೇಳಿಕೊಡುವ ಪದ್ಧತಿ ನಮ್ಮ ಚಾಳಿನಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1956ರಲ್ಲಿ ಏಳು ಮಂದಿ ತಾಯಂದಿರು ಸೇರಿ ಲಾ ಲೇಚೆ ಲೀಗ್ ಎಂಬ ಸಂಘವನ್ನೇ ಕಟ್ಟಿದರು. ನಮಗೆ ಇನ್ನೂ ಹತ್ತಿರದ್ದು ಢಾಕಾ ನಗರದ ಸಂಗತಿ, 2000ದಲ್ಲಿ ಪ್ರಕಟವಾದದ್ದು. ಅಲ್ಲಿ ಕೇರಿಯ ಸಾಮಾನ್ಯ ತಾಯಂದಿರಿಗೆ ಹತ್ತು ದಿನ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸಿದರು. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಎರಡು ಭೇಟಿ, ಹೆತ್ತ ಎರಡು ವಾರದೊಳಗೆ ಮೂರು, ಆಮೇಲೆ ಹದಿನೈದು ದಿನಕ್ಕೊಂದು, ಒಟ್ಟು 15. ಐದು ತಿಂಗಳ ಹೊತ್ತಿಗೆ ನೋಡಿದರೆ ಆ ಮನೆಗಳಲ್ಲಿ ನೂರಕ್ಕೆ 70 ಮಕ್ಕಳು ಬರೀ ಎದೆಹಾಲಿನ ಮೇಲೆ; ಭೇಟಿ ಇಲ್ಲದ ಮನೆಗಳಲ್ಲಿ ನೂರಕ್ಕೆ 6. ಆರು! ತಾಯಂದಿರು ಅವರೇ, ಹಾಲೂ ಅದೇ. ಪಕ್ಕದಲ್ಲಿ ಕುಳಿತವರು ಒಬ್ಬರು ಇದ್ದರು, ಇಲ್ಲಿ ಇರಲಿಲ್ಲ.

ಈಗ ಫೋನಿನ ಮಾತು. ‘ಎಲ್ಲವೂ ಮೊಬೈಲಿನಲ್ಲಿ ಬರುತ್ತದಲ್ಲ, ಹೆಂಗಸು ಏಕೆ?’ ಎಂದು ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರು ಕೇಳಿದರು. ಬರುವುದು ನಿಜ. ನಮ್ಮದೇ ಮುಂಬಯಿಯಲ್ಲಿ ಡಾ. ಅಪರ್ಣಾ ಹೆಗ್ಡೆಯವರು 2008ರಲ್ಲಿ ಸ್ಥಾಪಿಸಿದ ‘ಅರ್ಮಾನ್’ ಸಂಸ್ಥೆಯ ‘ಎಂಮಿತ್ರ’ ಎಂಬ ಕರೆ ಬಸುರಿಯರಿಗೂ ಎಳೆ ಮಕ್ಕಳ ತಾಯಂದಿರಿಗೂ ಪುಕ್ಕಟೆಯಾಗಿ ಬರುತ್ತದೆ. ಕೇಂದ್ರ ಸರಕಾರದ ‘ಕಿಲ್ಕಾರಿ’ 2016ರಲ್ಲಿ ಆರಂಭವಾಯಿತು. ಬಸುರಿನ ನಾಲ್ಕನೆಯ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಸಂದೇಶ. ಓದು ಬಾರದವರಿಗೂ ಕೇಳಿದರೆ ಸಾಕು. ಇದು ದೊಡ್ಡ ಉಪಕಾರವೆಂದೇ ನಾವು ಹೇಳುತ್ತೇವೆ.

ಆದರೆ ಬಂಧುಗಳೆ, ಆ ಕರೆ ಯಾರ ಕಿಸೆಯಲ್ಲಿ ಗಂಟೆ ಬಾರಿಸುತ್ತದೆ? ಮನೆಗೆ ಒಂದೇ ಫೋನು. ಅದು ಯಜಮಾನರ ಜೊತೆ ಬೆಳಿಗ್ಗೆ ಐದಕ್ಕೇ ಹೋಟೆಲಿಗೆ ಹೋಗುತ್ತದೆ. ತೊಟ್ಟು ಬಿರಿದರೆ ಏನು ಮಾಡಬೇಕೆಂಬ ಉಪದೇಶವನ್ನು ಸಾಂಬಾರು ಬಕೀಟು ಹಿಡಿದ ಮಾಣಿ ಕೇಳಿ, ನಾಚಿ, ಕಟ್ ಮಾಡುತ್ತಾನೆ. ನಾವೇ ಹಾಗೆ ಕಟ್ ಮಾಡಿದವರು. ಇನ್ನು ಭಾಷೆ. ನಮ್ಮ ಕೇರಿಯ ತಾಯಂದಿರಿಗೆ ಬಂದ ಕರೆಗಳು ಹಿಂದಿಯಲ್ಲಿದ್ದವು. ಹೋದ ತಿಂಗಳು ಸುರಪುರದಿಂದ ಬಂದ ಹುಡುಗಿಗೆ ಹಿಂದಿ ಎಷ್ಟು ತಿಳಿದೀತು? ಅಲ್ಲದೆ ಅಚ್ಚಾದ ಧ್ವನಿಗೆ ಎದುರು ಪ್ರಶ್ನೆ ಕೇಳಲಾಗುವುದಿಲ್ಲ. ಆ ಎಂಟಡಿ ಖೋಲಿಯಲ್ಲಿ ಇಬ್ಬರು ಪರಗಂಡಸರು ಮಲಗುತ್ತಾರೆಂದು ಯಾವ ಫೋನಿಗೆ ಗೊತ್ತಾಗುತ್ತಿತ್ತು?

ಹಾಗೆಂದು ಫೋನನ್ನು ಬಿಟ್ಟುಬಿಡಿ ಎನ್ನುವವರಲ್ಲ ನಾವು. ನಾಗಪುರದಲ್ಲಿ ಒಂದು ಪರೀಕ್ಷೆ ನಡೆದು 2018ರಲ್ಲಿ ಅದರ ಫಲ ಪ್ರಕಟವಾಗಿದೆ. ಸಾವಿರಕ್ಕೂ ಮಿಕ್ಕಿದ ತಾಯಂದಿರನ್ನು ಎರಡು ಭಾಗ ಮಾಡಿದರು. ಒಂದು ಭಾಗದವರಿಗೆ ಹಾಲೂಡಿಸುವ ವಿಷಯದಲ್ಲಿ ತರಬೇತಿ ಪಡೆದ ಸಲಹೆಗಾರ್ತಿಯರೇ ವಾರಕ್ಕೊಮ್ಮೆ ಫೋನು ಮಾಡಿ ಮಾತನಾಡುತ್ತಿದ್ದರು, ದಿನಕ್ಕೊಂದು ಲಿಖಿತ ಸಂದೇಶವೂ ಹೋಗುತ್ತಿತ್ತು. ಆರು ತಿಂಗಳಿಗೆ ಅವರಲ್ಲಿ ನೂರಕ್ಕೆ 97 ಮಂದಿ ಬರೀ ಎದೆಹಾಲು ಕೊಡುತ್ತಿದ್ದರು, ಇನ್ನೊಂದು ಭಾಗದಲ್ಲಿ 49. ಗಮನಿಸಬೇಕಾದ ಅಂಶ, ಅಲ್ಲಿ ಫೋನಿನ ಆ ತುದಿಯಲ್ಲಿ ಜೀವಂತ ಹೆಂಗಸು ಇದ್ದಳು. ಬಾಣಂತನಕ್ಕೆ ತವರಿಗೆ ಹೋಗಿ ಮೂರು ತಿಂಗಳು ಕಣ್ಮರೆಯಾಗುವ ನಮ್ಮ ತಾಯಂದಿರನ್ನು ಹಿಂಬಾಲಿಸಲು ಫೋನೊಂದೇ ದಾರಿ. ಚಾಳಿನ ಸಖಿ ಯಾದಗಿರಿಗೆ ರೈಲು ಹತ್ತಲಾರಳು. ವಾಟ್ಸಾಪಿನಲ್ಲಿ ಅವಳ ಧ್ವನಿ ಹೋಗುತ್ತದೆ, ಅದೂ ನಮ್ಮ ಕನ್ನಡದಲ್ಲಿ.

ಕೆಲಸಕ್ಕೆ ಹೋಗುವ ತಾಯಂದಿರ ಕಷ್ಟ ಬೇರೆ. 1961ರ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಬರೆದರು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರದ ರಜೆಯೂ, 50 ಮಂದಿ ದುಡಿಯುವ ಕಡೆ ಶಿಶುಗೃಹವೂ ಬಂದವು. ಈ ಮಾತುಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿವೆ. ಆದರೆ ತರಕಾರಿ ಹೆಚ್ಚಲು ಸಣ್ಣ ಹೋಟೆಲಿಗೆ ಹೋಗುವ, ನಾಲ್ಕು ಮನೆ ಮುಸುರೆ ತಿಕ್ಕುವ ನಮ್ಮ ಹೆಂಗಸರ ಕೈಗೆ ಇದು ಸಿಗುವುದಿಲ್ಲ. ಕಟ್ಟಡ ಕೂಲಿಯವರ ಮಕ್ಕಳಿಗಾಗಿ ಮೀರಾ ಮಹಾದೇವನ್‌ರವರು 1969ರಲ್ಲಿ ದಿಲ್ಲಿಯಲ್ಲಿ ‘ಮೊಬೈಲ್ ಕ್ರೆಷ್’ ಆರಂಭಿಸಿದ್ದರು. ಆ ಕಾಲಕ್ಕೆ ಮೊಬೈಲ್ ಎಂದರೆ ಫೋನಲ್ಲ, ತಾಯಿ ದುಡಿಯುವಲ್ಲಿಗೆ ತೊಟ್ಟಿಲು ಹೋಗುವುದು. ಅಷ್ಟು ದೊಡ್ಡ ಕೆಲಸ ನಮ್ಮ ಸಂಘದ ಕೈಲಿ ಸದ್ಯಕ್ಕೆ ಆಗದು. ಸ್ಟೀಲಿನ ಬಟ್ಟಲಿಗೆ ಕೈಯಿಂದ ಹಾಲು ಹಿಂಡಿ ಮುಚ್ಚಿಟ್ಟರೆ ತಂಪು ಜಾಗದಲ್ಲಿ ನಾಲ್ಕು ತಾಸು ಕೆಡುವುದಿಲ್ಲ, ಅಜ್ಜಿ ಒಳಲೆಯಲ್ಲಿ ಕುಡಿಸಬಹುದು. ಇದನ್ನು ಹೇಳಿಕೊಡುವುದಂತೂ ಆಗುತ್ತದೆ.

ಒಂದು ಎಚ್ಚರಿಕೆ. ಕಾಯಿಲೆಯಿಂದಲೋ ಔಷಧದಿಂದಲೋ ಕೊಡಲಾರದ ತಾಯಂದಿರು ಇದ್ದಾರೆ. ಅವರ ಮುಂದೆ ಈ ಭಾಷಣ ಬಿಗಿಯಬೇಡಿ; ಡಾಕ್ಟರರು ಹೇಳಿದಂತೆ ನಡೆಯಲಿ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ಡಾ. ಅರ್ಮಿಡಾ ಫರ್ನಾಂಡಿಸರು 1989ರಲ್ಲೇ ಸಾಯನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕು ತೆರೆದರು, ಏಷ್ಯದಲ್ಲೇ ಮೊದಲನೆಯದು. ಒಬ್ಬ ತಾಯಿಯ ಹಾಲು ಇನ್ನೊಬ್ಬಳ ಕೂಸಿಗೆ ಜಾತಿ ಕೇಳದೆ ಅಲ್ಲಿ ಇಳಿಯುತ್ತದೆ.

ಸಮಿತಿ ಗೊತ್ತುಮಾಡಿದ್ದನ್ನು ತಮ್ಮ ಒಪ್ಪಿಗೆಗಾಗಿ ಮುಂದಿಡುತ್ತೇವೆ. ಕನ್ನಡ ಬಲ್ಲ, ಹಾಲೂಡಿಸಿದ ಆರು ತಾಯಂದಿರನ್ನು ಸಖಿಯರೆಂದು ಆರಿಸಿ, ಆಸ್ಪತ್ರೆಯ ದಾದಿಯರಿಂದ ಪಾಠ ಹೇಳಿಸುವುದು. ಡಬ್ಬಿಗೆಂದು ‘ಸಹಾಯಾರ್ಥ’ ಖಾತೆಯಿಂದ ಕೊಡುತ್ತಿದ್ದ ಹಣದಲ್ಲಿ ಅವರಿಗೆ ಬಸ್ಸಿನ ಖರ್ಚು, ಫೋನಿನ ಖರ್ಚು ಮತ್ತು ಒಂದು ಗೌರವಧನ. ಹೆಂಗಸರ ಕೆಲಸ ಪುಕ್ಕಟೆ ಆಗಲಿ ಎಂದು ಇಬ್ಬರು ವಾದಿಸಿದರು. ಪುಕ್ಕಟೆ ದುಡಿಸುವವರ ವಿರುದ್ಧವೇ ನಾವು ಸಂಘ ಕಟ್ಟಿದ್ದು ಎಂದು ಉತ್ತರ ಕೊಟ್ಟೆವು. ಬಾಣಂತಿ ಇರುವ ಮನೆಯ ಸದಸ್ಯರು ಮಧ್ಯಾಹ್ನದ ಬಿಡುವಿನಲ್ಲಿ ಒಂದು ತಾಸು ಫೋನನ್ನು ಮನೆಯಲ್ಲಿ ಬಿಟ್ಟು ಬರಬೇಕು. ಖೋಲಿಯಲ್ಲಿ ಜೊತೆಗಿರುವವರಿಗೆ ಮಲಗಲು ಬೇರೆ ಜಾಗ ಹುಡುಕಿಕೊಡುವ ಹೊಣೆ ಕಾರ್ಯದರ್ಶಿಗಳದು.

ಈಗ ಗಂಡಸರೆಲ್ಲ ಎದ್ದು ಜಗಲಿಗೆ ಹೋಗೋಣ. ಡಾಕ್ಟರಮ್ಮನವರು ಬಂದಿದ್ದಾರೆ, ಆ ಚಾಳಿನ ತಾಯಿಯೂ ಬಂದಿದ್ದಾರೆ. ನಮ್ಮೆದುರು ಕೇಳಲಾಗದ್ದನ್ನು ತಾಯಂದಿರು ಅವರ ಹತ್ತಿರ ಕೇಳಿಕೊಳ್ಳಲಿ. ಬಾಗಿಲು ಮುಂದೆ ಮಾಡಿಕೊಳ್ಳಿ. ಚಹಾ ನಾವು ಮಾಡಿ ಒಳಗೆ ಕಳಿಸುತ್ತೇವೆ.