ಪಿಕಪ್ ಗಾಡಿಯ ಮಿಸ್ಸಿಂಗ್: ಬಿಚ್ಚುವ ಮೊದಲು ವಿಚಾರಿಸಿರಿ

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಎಂಜಿನಿಯರರಲ್ಲ, ಗ್ಯಾರೇಜಿನವರೂ ಅಲ್ಲ. ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಗಾಡಿಯ ವಿಷಯ ಮಾತನಾಡಲು ಇವರಿಗೇನು ಅಧಿಕಾರವೆಂದು ನೀವು ಕೇಳಬಹುದು. ಅಧಿಕಾರವಿಲ್ಲ. ಅನುಭವ ಒಂದಿದೆ, ಅದೂ ತಪ್ಪು ಮಾಡಿ ಕಲಿತದ್ದು. ನಮ್ಮಲ್ಲಿ ಗಾಡಿ ಇಟ್ಟು ಹೊಟ್ಟೆ ಹೊರೆಯುವ ಬಂಧುಗಳು ಹಲವರಿದ್ದಾರೆ. ಅವರಿಗೆ ನಾಲ್ಕು ಕಾಸು ಉಳಿದೀತೆಂಬ ಆಸೆಯಿಂದ ಅದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಚಾಳಿನ ಗೆಳೆಯರೊಬ್ಬರು ವಾಶಿಯ ಮಾರುಕಟ್ಟೆಯಿಂದ ರಾತ್ರಿ ಕಾಯಿಪಲ್ಯೆ ತುಂಬಿಕೊಂಡು ದಾದರಕ್ಕೆ ಸಾಗಿಸುತ್ತಾರೆ. ಗಾಡಿ ನಾಲ್ಕು ಸಿಲಿಂಡರಿನದು; ಪೆಟ್ರೋಲು, ಸಿ.ಎನ್.ಜಿ. ಎರಡರಲ್ಲೂ ಓಡುವಂಥದು. ಹೋದ ಮಳೆಗಾಲದಲ್ಲಿ ಅದು ಏರಿನಲ್ಲಿ ಜಗ್ಗತೊಡಗಿತು. ನಿಂತಲ್ಲಿ ನಡುಗುವುದು, ಗೇರು ಹಾಕಿದರೆ ಮುಗ್ಗರಿಸುವುದು. ಮೀಟರಿನ ಪಕ್ಕದಲ್ಲಿ ಎಂಜಿನ್ನಿನ ಚಿತ್ರವಿರುವ ಹಳದಿ ದೀಪವೂ ಹತ್ತಿತು. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ ಹೆಡ್ ಇಳಿಸಬೇಕೆಂದರು. ಗೆಳೆಯರು ನಮ್ಮ ಬಾಗಿಲಿಗೆ ಬಂದು, "ಅಣ್ಣಾರ, ಹೆಡ್ ಇಳಿಸಿದ್ರ ಎಂಟು ದಿನ ಗಾಡಿ ನಿಲ್ಲತೈತ್ರಿ. ಈ ತಿಂಗಳ ಕಂತು ಹೆಂಗ ಕಟ್ಟಲಿ?" ಎಂದರು.

ಆಗ ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. "ಪ್ಲಗ್ ಹೋಗಿರಬೇಕು, ನಾಲ್ಕನ್ನೂ ಬದಲಿಸಿರಿ" ಎಂದು ಬುದ್ಧಿ ಹೇಳಿದೆವು. ಹಳೆಯ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಒಂದೇ ಡಬ್ಬಿಗೆ ಸುರಿದೆವು. ಹೊಸವು ಕುಳಿತವು, ಹಣ ಹೋಯಿತು, ಗಾಡಿ ಮೊದಲಿನಂತೆಯೇ ನಡುಗಿತು. ಡಬ್ಬಿಯಲ್ಲಿದ್ದ ಪ್ಲಗ್ಗುಗಳಲ್ಲಿ ಒಂದು ಮಾತ್ರ ಒದ್ದೆಯಾಗಿ ಕಪ್ಪಾಗಿತ್ತು. ಅದು ಯಾವ ಸಿಲಿಂಡರಿನದೆಂದು ಹೇಳುವವರೇ ಇಲ್ಲ. ಎಂಜಿನ್ ತಾನಾಗಿ ಬರೆದುಕೊಟ್ಟ ಚೀಟಿಯನ್ನು ನಮ್ಮ ಕೈಯಿಂದಲೇ ಕಳೆದೆವು.

ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ಖಾತೆಪುಸ್ತಕವನ್ನು ಹೊಸದಾಗಿ ಬರೆಯುವುದಿಲ್ಲ. ಯಾವ ಪುಟದಲ್ಲಿ ತಪ್ಪಿದೆಯೆಂದು ಮೊದಲು ಹುಡುಕುತ್ತೇವೆ. ದಿನವೂ ಮಾಡುವ ಈ ಕೆಲಸ ಗಾಡಿಯ ಮುಂದೆ ನಿಂತಾಗ ನೆನಪಾಗಲಿಲ್ಲ.

ಮಿಸ್ಸಿಂಗ್ ಎಂದರೇನು? ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನ ಸೇರುತ್ತವೆ, ಪಿಸ್ಟನ್ ಅದನ್ನು ಒತ್ತುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ, ಉರಿದ ಹೊಗೆ ಹೊರಗೆ ಹೋಗುತ್ತದೆ. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದೊಂದು ಸಿಲಿಂಡರಿಗೆ ಒಂದು ಉರಿ. ನಿಂತಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರ್ 400 ಸಲ ಉರಿಯಬೇಕು. ಆ ಲೆಕ್ಕದಲ್ಲಿ ಉರಿ ತಪ್ಪಿದರೆ ಅದೇ ಮಿಸ್ಸಿಂಗ್. ಕಾರಣಗಳು ಮೂರು ಗುಂಪು: ಕಿಡಿ ಇಲ್ಲ, ಇಂಧನ-ಗಾಳಿಯ ಪ್ರಮಾಣ ಸರಿಯಿಲ್ಲ, ಇಲ್ಲವೆ ಒತ್ತಡ ನಿಲ್ಲುತ್ತಿಲ್ಲ. ಹೆಡ್ ಇಳಿಸುವ ಮಾತು ಬರುವುದು ಮೂರನೆಯದಕ್ಕೆ. ಮೊದಲಿನ ಎರಡನ್ನು ನೋಡದೆ ಅಲ್ಲಿಗೆ ಹಾರಬಾರದು. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಆದ್ದರಿಂದ ನಮ್ಮ ಮಾತು ಪೆಟ್ರೋಲು ಮತ್ತು ಸಿ.ಎನ್.ಜಿ. ಗಾಡಿಗಳಿಗೆ ಮಾತ್ರ.

ಇನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು ದೀಪ. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಬೇಕೆಂದು ಅರ್ಥ. ಮಿಣುಕುತ್ತಿದ್ದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಲೇಬೇಕು. ಉರಿಯದ ಇಂಧನ ಹೊಗೆ ಕೊಳವೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಅದರ ಜೇನುಗೂಡಿನಂಥ ಒಳಭಾಗ ಕಾದು ಕರಗಬಹುದು. ಒಂದು ಕಾಯಿಲ್ ಉಳಿಸಲು ಹೋಗಿ ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಕನ್ವರ್ಟರನ್ನು ಕಳೆದುಕೊಂಡಂತಾದೀತು. "ಈ ಒಂದು ಖೇಪು ಮುಗಿಸಿಬಿಡೋಣ" ಎನ್ನಬೇಡಿರಿ.

ಎರಡನೆಯದು ಕೋಡು. ಕ್ರ್ಯಾಂಕಿನ ವೇಗವನ್ನು ಅಳೆಯುವ ಸೆನ್ಸರ್ ಒಂದಿದೆ. ಉರಿ ತಪ್ಪಿದ ಕ್ಷಣ ಕ್ರ್ಯಾಂಕು ತುಸು ನಿಧಾನವಾಗುತ್ತದೆ. ಗಾಡಿಯ ಕಂಪ್ಯೂಟರ್ ಅದನ್ನು ಗುರುತಿಸಿ ಕೋಡು ಬರೆದಿಡುತ್ತದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಮಾರಾಟವಾದ ಗಾಡಿಗಳಲ್ಲಿ ಈ ಏರ್ಪಾಡು ಇದ್ದೇ ಇದೆ. ಅದಕ್ಕಿಂತ ಹಿಂದಿನ ಹಲವು ಗಾಡಿಗಳಲ್ಲೂ ಇದೆ. ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಚಿಕ್ಕ ಸ್ಕ್ಯಾನರ್ ಚುಚ್ಚಿದರೆ ಕೈಫೋನಿನಲ್ಲಿ ಕೋಡು ಓದಬಹುದು. ಪಿ0300 ಎಂದರೆ ಹಲವು ಸಿಲಿಂಡರುಗಳಲ್ಲಿ ಗೊತ್ತುಗುರಿಯಿಲ್ಲದೆ ಉರಿ ತಪ್ಪುತ್ತಿದೆ. ಪಿ0301 ಎಂದರೆ 1ನೇ ಸಿಲಿಂಡರ್, ಪಿ0302 ಎಂದರೆ 2ನೆಯದು, ಹೀಗೆಯೇ ಮುಂದೆ. ಅಳಿಸುವ ಮೊದಲು ಕೋಡನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಕೋಡು ರೋಗದ ಹೆಸರಲ್ಲ, ನೋವಿರುವ ಜಾಗ ಮಾತ್ರ. ಪಿ0302 ಕಂಡಕೂಡಲೆ ಅಂಗಡಿಗೆ ಓಡಬಾರದು.

ಮೂರನೆಯದು ಇಂಧನ ಬದಲಿಸಿ ನೋಡುವುದು. ಸಿ.ಎನ್.ಜಿ.ಯಲ್ಲಿ ಮಿಸ್ಸಿಂಗ್, ಪೆಟ್ರೋಲಿನಲ್ಲಿ ಸರಿ ಎಂದಾದರೆ ಗ್ಯಾಸಿನ ಕಡೆ ದೋಷವಿರಬಹುದು, ಇಲ್ಲವೆ ಕಿಡಿ ದುರ್ಬಲವಾಗಿರಬಹುದು. ಗ್ಯಾಸಿಗೆ ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಸವೆದ ಪ್ಲಗ್ಗು, ಸೋತ ಕಾಯಿಲ್ ಮೊದಲು ಗ್ಯಾಸಿನಲ್ಲೇ ಸಿಕ್ಕಿಬೀಳುತ್ತವೆ. ಎರಡರಲ್ಲೂ ಒಂದೇ ಸಿಲಿಂಡರ್ ತಪ್ಪುತ್ತಿದ್ದರೆ ಕಿಡಿಯನ್ನೋ ಒತ್ತಡವನ್ನೋ ಶಂಕಿಸಿರಿ. ಗ್ಯಾಸಿನ ವಾಸನೆ ಬಂದರೆ ಮಾತ್ರ ಪರೀಕ್ಷೆ ಬೇಡ. ಎಂಜಿನ್ ಆರಿಸಿ, ಸಿಲಿಂಡರಿನ ವಾಲ್ವು ಮುಚ್ಚಿ, ತಿಳಿದವರನ್ನು ಕರೆಯಿರಿ.

ನಾಲ್ಕನೆಯದು ಅದಲು ಬದಲು, ಇದೇ ಮುಖ್ಯ. ಈಗಿನ ಬಹಳಷ್ಟು ಎಂಜಿನ್ನುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ. ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಕೀಲಿ ತೆಗೆದು ಕಿಸೆಯಲ್ಲಿಡಿರಿ. ತಪ್ಪುತ್ತಿರುವ 2ನೇ ಸಿಲಿಂಡರಿನ ಕಾಯಿಲನ್ನು 3ಕ್ಕೆ ಹಾಕಿ, 3ರದನ್ನು 2ಕ್ಕೆ ಹಾಕಿರಿ. ಮತ್ತೇನನ್ನೂ ಮುಟ್ಟಬೇಡಿರಿ. ಕೋಡು ಅಳಿಸಿ, ಗಾಡಿ ಓಡಿಸಿ, ಮತ್ತೆ ಓದಿರಿ. ಪಿ0303 ಬಂದರೆ ದೋಷ ಕಾಯಿಲಿನೊಡನೆ ನಡೆದುಹೋಯಿತು, ತಪ್ಪಿತಸ್ಥ ಕಾಯಿಲೇ. ಪಿ0302 ಎಂದೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ಗನ್ನು ಹೀಗೆಯೇ ಅದಲು ಬದಲು ಮಾಡಿರಿ. ಒಂದು ಸಲಕ್ಕೆ ಒಂದೇ ವಸ್ತು. ಹಿಂದೆ ಓಡುವ ಎಂಜಿನ್ನಿನಲ್ಲೇ ಪ್ಲಗ್ಗಿನ ವಯರು ಎಳೆದು ನೋಡುವ ರೂಢಿಯಿತ್ತು. ಈಗಿನ ಕಾಯಿಲುಗಳಲ್ಲಿ ಸಾವಿರಗಟ್ಟಲೆ ವೋಲ್ಟಿದೆ. ಆ ಸಾಹಸ ಮಾಡಬೇಡಿರಿ.

ಪ್ಲಗ್ ಬಿಚ್ಚುವ ಮೊದಲು ಗುಳಿಯಲ್ಲಿರುವ ನೀರು, ಧೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ಬಿಚ್ಚಿದ್ದನ್ನು 1, 2, 3, 4 ಎಂದು ಬರೆದ ಕಾಗದದ ಮೇಲೆ ಸಾಲಾಗಿ ಇಡಿರಿ. ತುದಿ ತಿಳಿಗಂದು ಅಥವಾ ಬೂದು ಬಣ್ಣವಾಗಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಿದ್ದರೆ ಇಂಧನ ಹೆಚ್ಚಾಗಿದೆ, ಇಲ್ಲವೆ ಕಿಡಿ ಸೋತಿದೆ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗಿಳಿಯುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ವಿಪರೀತ ಕಾವು. ಮರಳಿ ಹಾಕುವಾಗ ಮೊದಲು ಕೈಯಿಂದ ತಿರುಗಿಸಿರಿ. ಅಲ್ಯುಮಿನಿಯಮ್ ಹೆಡ್ಡಿನ ಮರೆ ಕೆಟ್ಟರೆ ದೊಡ್ಡ ಖರ್ಚು.

ಐದನೆಯದು, ಕಿಡಿ ಸರಿಯಿದ್ದರೆ ಇಂಧನ ಮತ್ತು ಗಾಳಿ. ಪೆಟ್ರೋಲಿನಲ್ಲಿ ಎಂಜಿನ್ ಓಡುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ ಆಲಿಸಿರಿ. ಡಾಕ್ಟರರ ಸ್ಟೆತಾಸ್ಕೋಪಿನಂತೆ ಟಿಕ್ ಟಿಕ್ ಸದ್ದು ಕೇಳಬೇಕು. ನಾಲ್ಕರಲ್ಲಿ ಒಂದು ಮೌನವಾಗಿದ್ದರೆ ಅದರ ವಯರನ್ನೂ ಅದನ್ನೂ ನೋಡಿಸಿರಿ. ತಿರುಗುವ ಬೆಲ್ಟು, ಪಂಖದಿಂದ ಅಂಗಿಯ ತೋಳು ದೂರವಿರಲಿ. ರಬ್ಬರ್ ಕೊಳವೆ ಬಿರಿದು ಗಾಳಿ ಒಳನುಸುಳಿದರೂ ನಿಂತಲ್ಲಿ ನಡುಕ ಬರುತ್ತದೆ.

ಇಷ್ಟಾದರೂ ಒಂದೇ ಸಿಲಿಂಡರ್ ತಪ್ಪುತ್ತಿದ್ದರೆ ಆಗ ಒತ್ತಡದ ಪರೀಕ್ಷೆ. ಅದು ಗ್ಯಾರೇಜಿನ ಕೆಲಸ. ಆದರೆ ಕೇಳಬೇಕಾದ್ದನ್ನು ತಿಳಿದಿರಬೇಕು. ನಾಲ್ಕು ಸಿಲಿಂಡರುಗಳ ಅಂಕಿಗಳನ್ನೂ ಬರೆದು ಕೊಡಿರೆಂದು ಹೇಳಿರಿ. ಒಂದು ಮಾತ್ರ ಬಹಳ ಕಡಿಮೆಯಿದ್ದು, ಅದರೊಳಗೆ ಚಮಚ ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ಪಿಸ್ಟನ್ ರಿಂಗು ಸವೆದಿರಬಹುದು. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು. ಆ ಅಂಕಿಗಳನ್ನು ಕಂಡ ಮೇಲೆ ಹೆಡ್ ಇಳಿಸಲು ಒಪ್ಪಿರಿ.

ನಮ್ಮ ಗೆಳೆಯರ ಗಾಡಿ ಏನಾಯಿತು? ವಾಚನಾಲಯಕ್ಕೆ ಬರುವ ತರುಣರೊಬ್ಬರು ಸ್ಕ್ಯಾನರ್ ತಂದರು, ಪಿ0302 ಬಂತು. 2 ಮತ್ತು 3ರ ಕಾಯಿಲು ಅದಲು ಬದಲು ಮಾಡಿ, ಚಾಳಿನ ಸುತ್ತ ಎರಡು ಸುತ್ತು ಹಾಕಿದೆವು. ಪಿ0303 ಬಂತು. ಟಾರ್ಚು ಬಿಟ್ಟು ನೋಡಿದರೆ 2ನೇ ಗುಳಿಯಲ್ಲಿ ತುಕ್ಕಿನ ಕಲೆ. ಕಾಯಿಲಿನ ರಬ್ಬರು ಬಿರಿದು ಮಳೆನೀರು ಇಳಿದಿತ್ತು. ಒಂದೇ ಕಾಯಿಲ್ ಕೊಂಡರು. ಆ ರಾತ್ರಿಯೇ ಗಾಡಿ ವಾಶಿಗೆ ಹೋಯಿತು. ಹೆಡ್ ಹಾಗೆಯೇ ಇದೆ. ನಾವು ಕೊಡಿಸಿದ ನಾಲ್ಕು ಪ್ಲಗ್ಗುಗಳ ಖರ್ಚು ಮಾತ್ರ ನಮ್ಮ ಮನಸ್ಸಿನ ಖಾತೆಯಲ್ಲಿ ಬಾಕಿಯಾಗಿಯೇ ಉಳಿದಿದೆ.

ಗ್ಯಾರೇಜಿನವರೆಲ್ಲ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಅವರಿಗೂ ಅವಸರವಿರುತ್ತದೆ, ಊಹೆಯಲ್ಲಿ ನಾವೂ ಅವರೂ ಒಂದೇ ಎಂದು ನಮ್ಮ ಪ್ಲಗ್ಗುಗಳೇ ಸಾಕ್ಷಿ. ಪರೀಕ್ಷೆಯ ಫಲವನ್ನು ಕಾಗದದಲ್ಲಿ ಬರೆದು ಒಯ್ದರೆ ಒಳ್ಳೆಯ ಮಿಸ್ತ್ರಿ ಸಂತೋಷಪಡುತ್ತಾನೆ.

ಕೊನೆಯದಾಗಿ ಒಂದು ವಿನಂತಿ. ಗಾಡಿಯೊಡನೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿಚ್ಚದೆ ಬಿದ್ದಿರುತ್ತದೆ. ಇಂಗ್ಲಿಷಿನಲ್ಲಿದೆ ಎಂದು ಸಂಕೋಚಪಡಬೇಡಿರಿ. ರವಿವಾರ ಇಲ್ಲಿಗೆ ತನ್ನಿರಿ, ಕೂಡಿ ಓದೋಣ. ಕಪಾಟಿನ ಪಕ್ಕದಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಯಾರ ಗಾಡಿಗೆ ಏನಾಯಿತು, ಏನು ಪರೀಕ್ಷಿಸಿದರು, ಏನು ಕಂಡಿತು ಎಂಬುದನ್ನು ಕನ್ನಡದಲ್ಲಿ ಅದರೊಳಗೆ ಬರೆಯಿರಿ. ಮೊದಲ ಪುಟದಲ್ಲಿ ನಮ್ಮ ತಪ್ಪನ್ನೇ ಬರೆದಿದ್ದೇವೆ. ಎರಡನೆಯ ಪುಟ ಖಾಲಿಯಿದೆ.