ಕೆಸರಿನ ಕರೆಂಟು: ಎಷ್ಟು ನಿಜ, ಎಷ್ಟು ಸುಳ್ಳು?

(ಬೆಳ್ಳಿಹಬ್ಬದ ಸದಸ್ಯರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೋದ ವರ್ಷ ಒಬ್ಬಾತ ಬಂದು ಸಂಘದ ಜಗುಲಿಯಲ್ಲಿ ಬಕೆಟ್ ಕೆಸರಿನಿಂದ ಪುಟ್ಟ ದೀಪ ಮಿನುಗಿಸಿ ತೋರಿಸಿದ್ದು ನಿಮಗೆಲ್ಲ ನೆನಪಿದೆ. ಇದರಿಂದ ಪಂಪ್‌ಸೆಟ್ಟೂ ಓಡುತ್ತೆ ಅಂದ. ಕೆಲವರು ಮುಂಗಡ ಕೊಟ್ಟರು. ಆತ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವನಿಗೆ ಜಾಗ ಕೊಟ್ಟವರು ನಿರ್ದೇಶಕರಾದ ನಾವೇ. ಆ ತಪ್ಪಿಗಾಗಿ ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇವೆ.

ದೀಪ ಸುಳ್ಳಲ್ಲ. ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ಪಾಟರ್ ಎಂಬುವರು 1911ರಲ್ಲೇ ಸೂಕ್ಷ್ಮಜೀವಿಗಳಿಂದ ವಿದ್ಯುತ್ ಬರುವುದನ್ನು ತೋರಿಸಿದ್ದರು.

ಉಂಡ ಅನ್ನ ಮೈಯಲ್ಲಿ ಕರಗುವಾಗ ಎಲೆಕ್ಟ್ರಾನ್ ಎಂಬ ಕಣಗಳು ಹೊರಬೀಳುತ್ತವೆ. ನಮ್ಮಲ್ಲಿ ಅವನ್ನು ಉಸಿರಿನ ಆಮ್ಲಜನಕ ತಗೊಳ್ಳುತ್ತೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾ ಯಾರಿಗೆ ಕೊಡಬೇಕು? ಕೆಲವು ಜಾತಿಯವು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿಗೆ ಕೊಡುತ್ತವೆ. ಅಲ್ಲಿ ಕಾರ್ಬನ್ ತುಂಡು ಹೂತರೆ ಅದಕ್ಕೂ ಕೊಡುತ್ತವೆ. ಅದರಿಂದ ತಂತಿ ಎಳೆದು, ಮೇಲಿನ ನೀರಿನಲ್ಲಿ ಗಾಳಿ ಸಿಗುವ ಇನ್ನೊಂದು ಕಾರ್ಬನ್ನಿಗೆ ಜೋಡಿಸಿದರೆ ಕರೆಂಟು ಹರಿಯುತ್ತದೆ.

ಕೊಡುವ ಬಗೆಯೂ ಡೈರಿಗೆ ಹಾಲು ಹಾಕಿದ ಹಾಗೇ. ಕಾರ್ಬನ್ನಿಗೆ ಅಂಟಿ ಕೂತವು ತಮ್ಮ ಮೈಮೇಲಿನ ಕಬ್ಬಿಣಾಂಶದ ಪ್ರೋಟೀನಿನಿಂದ ನೇರವಾಗಿ ಸುರಿಯುತ್ತವೆ. ಶೆವನೆಲ್ಲಾ ಎಂಬುದು ಬಿ2 ವಿಟಮಿನ್ ಜಾತಿಯ ಪದಾರ್ಥ ಸ್ರವಿಸಿ ಅದರ ಕೈಲಿ ಕಳಿಸುತ್ತದೆ. ಅದು ಕೊಟ್ಟು ವಾಪಸು ಬಂದು ಮತ್ತೆ ಒಯ್ಯುತ್ತದೆ. ಜಿಯೋಬ್ಯಾಕ್ಟರ್ ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಚಾಚುತ್ತದೆ. ಆ ಎಳೆ ಕಬ್ಬಿಣಾಂಶದ ಪ್ರೋಟೀನುಗಳ ಸರ ಎಂದು 2019ರಲ್ಲಿ ಗೊತ್ತಾಯಿತು. ಸಾಲಿನ ಹಿಂದಿದ್ದವರು ಕೈಯಿಂದ ಕೈಗೆ ಕ್ಯಾನು ದಾಟಿಸಿದಂತೆ, ದೂರ ಕೂತವೂ ಹೀಗೆ ಕೊಡಬಲ್ಲವು.

ಕೂರುವ ಜಾಗವೂ ಮುಖ್ಯ. ನುಣುಪು ತಗಡಿನಲ್ಲಿ ಜಾಗ ಕಡಿಮೆ. ಕಂಬಳಿಯಂಥ ಕಾರ್ಬನ್ ಹಾಸು, ಕಾರ್ಬನ್ ಎಳೆಯ ಬ್ರಷ್ಷು ಇವುಗಳಲ್ಲಿ ಜಾಗ ಹೆಚ್ಚು, ತುಕ್ಕಿನ ಕಾಟವಿಲ್ಲ. ತಾಮ್ರ ಕರಗಿ ನೀರಿಗಿಳಿದರೆ ಜೀವಾಣುಗಳಿಗೆ ವಿಷವಾದೀತು. ಪದರ ಕಟ್ಟಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಒಂದೊಂದರದು ಹನಿಯಷ್ಟೂ ಇಲ್ಲ. ಕೋಟಿಗಟ್ಟಲೆ ಸೇರಿದರೇ ಲೆಕ್ಕಕ್ಕೆ.

ಸುಳ್ಳಾದದ್ದು ಮೋಟಾರಿನ ಮಾತು. ಒಂದು ಜೋಡಿಯಿಂದ ಸಿಗುವುದು ಅರ್ಧ ವೋಲ್ಟಿನ ಆಸುಪಾಸು. ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಹವಾಮಾನ ಅಳೆಯುವ ತೇಲುಯಂತ್ರ ನಡೆಸಿದ ವರದಿ 2008ರಲ್ಲಿ ಬಂತು. ಅದಕ್ಕೆ ಸಾಕಾದದ್ದು ವ್ಯಾಟಿನ ನೂರರಲ್ಲಿ ಕೆಲವೇ ಪಾಲು. ನಮ್ಮ 5 ಎಚ್‌ಪಿ ಮೋಟಾರಿಗೆ 3,700 ವ್ಯಾಟ್‌ಗೂ ಮೇಲೆ ಬೇಕು. ಲೆಕ್ಕ ನೀವೇ ಹಾಕಿ.

ಕೊಳಚೆ ನೀರು ಶುದ್ಧಿಗೆ ಈ ವಿದ್ಯೆ ಒದಗೀತೆಂದು ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಅಲ್ಲಿಯತನಕ ನಮ್ಮ ಸಗಣಿಗೆ ಗೋಬರ್ ಗ್ಯಾಸೇ ಸರಿ. ಇನ್ನು ಯಾರೇ ಯಂತ್ರ ತಂದರೂ ಮೊದಲು "ಎಷ್ಟು ವ್ಯಾಟ್?" ಎಂದು ಕೇಳೋಣ, ದುಡ್ಡಿನ ಮಾತು ಆಮೇಲೆ. ನಾವಂತೂ ಕೇಳದೆ ಜಗುಲಿ ಬಿಟ್ಟುಕೊಡುವುದಿಲ್ಲ.