ಹಬ್ಬದ ಬುಟ್ಟಿ, ಮಗುವಿನ ಕೈ

(ಪಾಲಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಮಳೆ ಹಿಂದೆ ಸರಿದು ಚಳಿ ಕಾಲಿಡುವ ಅವಧಿ ಹಬ್ಬಗಳ ಅವಧಿಯೂ ಹೌದು. ಆಶ್ವಯುಜ ಶುದ್ಧ ದಶಮಿಗೆ ವಿಜಯದಶಮಿ. ಐದು ದಿನ ಕಳೆದರೆ ಭೂಮಿ ಹುಣ್ಣಿಮೆ. ಅಲ್ಲಿಂದ ಹದಿನೈದು ದಿನಕ್ಕೆ ದೀಪಾವಳಿಯ ಅಮಾವಾಸ್ಯೆ. ಮತ್ತೆ ಹನ್ನೆರಡು ದಿನಕ್ಕೆ ತುಳಸಿ ಪೂಜೆಯ ಉತ್ಥಾನ ದ್ವಾದಶಿ. ಜನವರಿಯ ನಡುವಿಗೆ ಸಂಕ್ರಾಂತಿ. ಈ ಹಬ್ಬಗಳಲ್ಲಿ ದೇವರ ಕೋಣೆಯೊಳಗೆ ನಡೆಯುವುದು ಸ್ವಲ್ಪ. ಗದ್ದೆ, ಕೊಟ್ಟಿಗೆ, ಬೇಲಿ, ಅಂಗಳಗಳಲ್ಲಿ ನಡೆಯುವುದೇ ಹೆಚ್ಚು. ಇನ್ನೂ ಅಕ್ಷರ ಕಲಿಯದ ಮಗುವಿಗೆ ತನ್ನ ಊರಿನ ಗಿಡ, ಬಳ್ಳಿ, ಕಾಯಿಗಳ ಹೆಸರು ತಿಳಿಯುತ್ತಿದ್ದುದು ಬಹುಪಾಲು ಈ ಹಬ್ಬಗಳ ಸಿದ್ಧತೆಯಿಂದಲೇ. ಈಗ ಆ ಸಿದ್ಧತೆ ದೊಡ್ಡವರ ಕೈಗೂ ಅಲ್ಲಿಂದ ಪೇಟೆಯ ಅಂಗಡಿಗೂ ಸರಿದಿದೆ. ಹಬ್ಬ ಉಳಿದಿದೆ, ಅದಕ್ಕೆ ಬೇಕಾದುದನ್ನು ಹುಡುಕಿ ತರುವ ಮಗುವಿನ ಓಡಾಟ ಉಳಿದಿಲ್ಲ. ಇಂದಿನ ವಿಚಾರ ಇಷ್ಟೇ: ಆ ಓಡಾಟವನ್ನು ಮಕ್ಕಳಿಗೆ ಹಿಂದಿರುಗಿಸುವುದು ಹೇಗೆ, ಎಲ್ಲಿಯವರೆಗೆ, ಮತ್ತು ಎಲ್ಲಿ ತಡೆಯಬೇಕು.

ಭೂಮಿ ಹುಣ್ಣಿಮೆಯನ್ನೇ ಮೊದಲು ತೆಗೆದುಕೊಳ್ಳಬೇಕು, ಏಕೆಂದರೆ ಮಕ್ಕಳ ಮಟ್ಟಿಗೆ ಅದರಷ್ಟು ತುಂಬಿದ ಹಬ್ಬ ಇನ್ನೊಂದಿಲ್ಲ. ಆಗ ಭತ್ತ ಹೊಡೆಯೊಡೆದು ಹಾಲುಗಟ್ಟುವ ಹೊತ್ತು. ಭೂಮಿಯನ್ನು ತುಂಬು ಬಸುರಿಯೆಂದು ಭಾವಿಸಿ ಬಯಕೆಯ ಊಟವಿಕ್ಕುವುದೇ ಹಬ್ಬದ ತಿರುಳು. ಶಿವಮೊಗ್ಗ ಮತ್ತು ಉತ್ತರ ಕನ್ನಡದ ದೀವರ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚವೆಂದರೆ ಪುಂಡಿಯ ನಾರು; ಕಪ್ಪು ಬಣ್ಣಕ್ಕೆ ಹುರಿದು ಸೀಯಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿಯ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ನಿದ್ದೆಗೆಟ್ಟು ಅಡುಗೆ ಮಾಡುತ್ತಾರೆ. ಹತ್ತಾರು ಬಗೆಯ ಸೊಪ್ಪು ಬೇಯಿಸಿದ ಅಚ್ಚಂಬಲಿಯನ್ನು, ಕೆಲವೆಡೆ ಹಚ್ಚಂಬಲಿ ಎಂದೂ ಕರೆಯುತ್ತಾರೆ, ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ಗದ್ದೆಗೆ ಹೊತ್ತು, ಭೂಮಿತಾಯಿಯನ್ನು ಕರೆಯುತ್ತ ಪೈರಿನ ಮೇಲೆ ಬೀರುತ್ತಾನೆ. ಆಮೇಲೆ ಮನೆಮಂದಿಯೆಲ್ಲ ಹೋಗಿ, ಪೈರಿಗೆ ಒಡವೆ ತೊಡಿಸಿ ಪೂಜಿಸಿ, ಗದ್ದೆಯ ಬದುವಿನ ಮೇಲೆಯೇ ಕುಳಿತು ಉಣ್ಣುತ್ತಾರೆ. ಕಡುಬು, ಪಾಯಸಗಳನ್ನು ಗದ್ದೆಯ ಬದಿಯಲ್ಲಿ ಬಾಳೆಯೆಲೆಯ ಮೇಲೆ ಬಡಿಸಿಕೊಂಡು ಉಂಡ ಮಗು ಆ ಗದ್ದೆಯನ್ನು ಬೇಗ ಮರೆಯುವುದಿಲ್ಲ. ಬಯಲುಸೀಮೆಯ ಎಳ್ಳಮಾವಾಸ್ಯೆಯಲ್ಲಿ ಹೊಲಕ್ಕೆ ಚರಗ ಚೆಲ್ಲುವುದೂ ಇದೇ ಬಗೆಯ ಆಚರಣೆ; ಅಲ್ಲಿ ಬೆಳೆ ಜೋಳ, ಕಾಲ ಡಿಸೆಂಬರ್-ಜನವರಿ, ಅಷ್ಟೇ ಭೇದ.

ಅಚ್ಚಂಬಲಿಗೆ ನೂರೊಂದು ಬಗೆಯ ಕುಡಿ ಸೇರಬೇಕೆಂಬ ಮಾತು ಕೆಲವೆಡೆ ಇದೆ. ಎಣಿಸಿ ನೋಡಿದವರು ವಿರಳ! ಎಣಿಕೆ ಹಾಗಿರಲಿ, ಹರಿವೆ, ಒಂದೆಲಗ, ಕೆಸು, ಕನ್ನೆಕುಡಿ, ಏಲವರಿಗೆ, ಅಮಟೆಯ ಚಿಗುರು ಇಂಥವನ್ನು ಹುಡುಕಿ ಕೊಯ್ಯಲು ಅಜ್ಜಿಯ ಹಿಂದೆ ಮಗು ಹೊರಟರೆ ಅರ್ಧ ದಿನ ಕಳೆದುದೇ ತಿಳಿಯುವುದಿಲ್ಲ. ಮನೆಮನೆಗೆ ಪಟ್ಟಿ ಬೇರೆ. ನಾಲ್ಕು ವರ್ಷದ ಮಗುವಿಗೆ ನೂರೊಂದು ಬೇಡ, ಐದು ಸಾಕು. ಒಂದನ್ನು ಹುಳಿಯಿಂದ, ಒಂದನ್ನು ಎಲೆಯ ಆಕಾರದಿಂದ, ಒಂದನ್ನು ಬೆಳೆದ ಜಾಗದಿಂದ ಗುರುತಿಸಿದರೆ ಆಯಿತು. ಒಂದೆಲಗ ಒದ್ದೆ ನೆಲದಲ್ಲಿ ಏಕೆ, ಕನ್ನೆಕುಡಿ ಬೇಲಿಯಲ್ಲಿ ಏಕೆ ಎಂಬ ಪ್ರಶ್ನೆಯನ್ನು ಮಗುವೇ ಕೇಳುತ್ತದೆ; ಅದಕ್ಕಿಂತ ಮೊದಲು ಉತ್ತರ ಹೇಳುವ ಆತುರ ದೊಡ್ಡವರಿಗೆ ಬೇಡ. ಅದೇ ವೇಳೆಗೆ ಗದ್ದೆಯ ಬದುವಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ಕಾಣಸಿಗುತ್ತದೆ. ಅದು ಉತ್ತರದ ಬೆಟ್ಟಗಳಿಂದ ಚಳಿಗಾಲ ಕಳೆಯಲು ಇಲ್ಲಿಗೆ ಬಂದ ಅತಿಥಿ. ಹಬ್ಬಕ್ಕೆ ಬಂದ ನೆಂಟರ ಸಾಲಿನಲ್ಲಿ ಮಗು ಅದನ್ನೂ ಸೇರಿಸಿಕೊಂಡರೆ ತಪ್ಪೇನೂ ಇಲ್ಲ.

ಎರಡು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಶುಂಠಿ, ಅಡಿಕೆ, ಕಾಫಿ ಬೆಳೆಯುವ ಕಡೆಗಳಲ್ಲಿ ಕಳೆನಾಶಕದ ಸಿಂಪಡಣೆ ಸಾಮಾನ್ಯವಾಗಿದೆ. ಗ್ಲೈಫೋಸೇಟ್‌ನಂಥ ಔಷಧ ಎಲೆಯ ಮೇಲೆ ಬಿದ್ದು ಬೇರಿನವರೆಗೂ ಇಳಿಯುತ್ತದೆ. ಸಿಂಪಡಿಸಿದ ನಾಲ್ಕಾರು ದಿನ ಗಿಡ ಹಸಿರಾಗಿಯೇ ಕಾಣಬಹುದು. ಆದ್ದರಿಂದ ಯಾರ ಬದುವಿಗೆ ಏನು ಹೊಡೆದಿದ್ದಾರೆಂದು ವಿಚಾರಿಸದೆ ಸೊಪ್ಪು ಕೊಯ್ಯಕೂಡದು. ಅಚ್ಚಂಬಲಿಗೆ ಸೊಪ್ಪು ಸಿಗುವುದಿಲ್ಲವೆಂದು ಕೊರಗುವ ಮನೆಯವರೇ ಬೇಸಿಗೆಯಲ್ಲಿ ಪಂಪು ಬೆನ್ನಿಗೇರಿಸಿಕೊಂಡು ಬೇಲಿಯುದ್ದಕ್ಕೂ ನಡೆದಿರುತ್ತಾರೆ ಎಂಬುದನ್ನು ಸಭೆ ಗಮನಿಸಬೇಕು. ಎರಡನೆಯದು ಗೌರಿ ಹೂವು. ಕೆಂಪು, ಹಳದಿ ದಳಗಳು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಬಾಗಿದ ಈ ಹೂವನ್ನು ಮಕ್ಕಳು ದೂರದಿಂದಲೇ ಗುರುತಿಸಿ ಓಡುತ್ತಾರೆ. ಇಡೀ ಗಿಡ, ಅದರಲ್ಲೂ ಗೆಡ್ಡೆ, ಕೊಲ್ಚಿಸಿನ್ ಎಂಬ ಕಠಿಣ ವಿಷವುಳ್ಳದ್ದು. ನೋಡಬಹುದು, ದೊಡ್ಡವರು ಕೊಯ್ದು ಕೊಡಬಹುದು. ಬಾಯಿಗಿಡುವ ವಯಸ್ಸಿನ ಮಗುವಿನ ಕೈಗೆ ಬೇಡ.

ಗದ್ದೆಯೇ ತೋಟವಾದ ಮನೆಗಳ ಗತಿಯೇನು? ಮಲೆನಾಡಿನ ಎಷ್ಟೋ ಮಕ್ಕಿಗದ್ದೆಗಳಲ್ಲಿ ಈಗ ಅಡಿಕೆ ನಿಂತಿದೆ. ಅಂಥ ಮನೆಯವರು ಅಡಿಕೆ ಮರದ ಬುಡದಲ್ಲಿಯೇ ಭೂಮಿ ಹುಣ್ಣಿಮೆ ಮಾಡುತ್ತಾರೆ, ಮಾಡಲಿ. ಆದರೆ ಬಸುರಿ ಪೈರನ್ನು ಮುಟ್ಟಿ ನೋಡದ ಮಗುವಿಗೆ ಬಯಕೆಯೂಟದ ಅರ್ಥ ಹತ್ತುವುದು ಕಷ್ಟ. ಹಾಲುಗಟ್ಟಿದ ಕಾಳನ್ನು ಬೆರಳಿನಲ್ಲಿ ಹಿಸುಕಿದಾಗ ಬಿಳಿಯ ಹಾಲು ಹೊರಬರುತ್ತದೆ. ನೂರು ಮಾತು ಮಾಡದ ಕೆಲಸವನ್ನು ಆ ಒಂದು ಹನಿ ಮಾಡುತ್ತದೆ. ಭತ್ತ ಉಳಿಸಿಕೊಂಡ ನೆರೆಯವರ ಗದ್ದೆಗೆ ಕೇರಿಯ ಮಕ್ಕಳೆಲ್ಲ ಹೋಗುವಂತಾಗಲಿ. ಹುಣ್ಣಿಮೆ ಸಾಮಾನ್ಯವಾಗಿ ದಸರಾ ರಜೆಯ ಆಸುಪಾಸಿನಲ್ಲಿಯೇ ಬರುತ್ತದೆ. ರಜೆಗೆ ಹತ್ತು ಪುಟ ಕಾಪಿ ಬರೆಯಿಸುವ ಶಾಲೆಗಳು ಅದರ ಬದಲು ಹತ್ತು ಎಲೆ ಒಣಗಿಸಿ ತರಲು ಹೇಳಿದರೆ ಕಾಗದವೂ ಉಳಿದೀತು.

ದೀಪಾವಳಿಗೆ ಬಂದರೆ ಮಗುವಿನ ಕೆಲಸ ಕೊಟ್ಟಿಗೆಯಲ್ಲಿ. ಬಲಿಪಾಡ್ಯದ ಗೋಪೂಜೆಗೆ ದನಕರುಗಳ ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂವುಗಳ ದಂಡೆ ಕಟ್ಟಬೇಕು. ಸಿದ್ದೆಯ ಬಾಯನ್ನು ಜೇಡಿಯಲ್ಲೂ ಕೆಮ್ಮಣ್ಣಿನಲ್ಲೂ ಅದ್ದಿ ಮೈಮೇಲೆ ಉಂಗುರ ಮೂಡಿಸಬೇಕು. ಐದು ವರ್ಷದ ಮಗು ಒತ್ತಿದ ಉಂಗುರ ಸೊಟ್ಟಗಾಗುತ್ತದೆ. ದನಕ್ಕೆ ಅದರಿಂದ ಬೇಸರವಿಲ್ಲ. ಅದಕ್ಕೂ ಮೊದಲು ಬರುವ ನರಕ ಚತುರ್ದಶಿಗೆ ಘಟ್ಟದಲ್ಲೂ ಕರಾವಳಿಯಲ್ಲೂ ಕಹಿಯಾದ ಹಿಂಡ್ಲೆಕಾಯಿಯನ್ನು ಕಾಲಿನಿಂದ ಮೆಟ್ಟಿ ಒಡೆಯುವ ರೂಢಿಯಿದೆ. ಅದೂ ಬೇಲಿಯಲ್ಲಿ ಹುಡುಕಬೇಕಾದ ಕಾಯಿ. ಬೇಲಿ ಕಡಿದು ತಂತಿ ಎಳೆದ ಮೇಲೆ ಹಿಂಡ್ಲೆಬಳ್ಳಿ ಹಬ್ಬಲು ಎಡೆಯೆಲ್ಲಿ? ಕಾಯಿ ಸಿಗದ ಊರಿನಲ್ಲಿ ನರಕಾಸುರ ಬದುಕಿಯೇ ಉಳಿಯುತ್ತಾನೆ.

ಪಾಡ್ಯದಿಂದ ಮೂರು ರಾತ್ರಿ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ ಅಂಟಿಗೆ-ಪಂಟಿಗೆಯವರು ಆರದ ದೀಪ ಹಿಡಿದು, ಹಾಡುತ್ತ, ಕಾಡುದಾರಿಯಲ್ಲಿ ಮನೆಯಿಂದ ಮನೆಗೆ ಬರುತ್ತಾರೆ. ಮನೆಯವರು ಎಣ್ಣೆ ಎರೆದು, ಆ ದೀಪದಿಂದ ತಮ್ಮ ದೀಪ ಹೊತ್ತಿಸಿಕೊಂಡು, ಅಕ್ಕಿ, ಕಡುಬು, ದಕ್ಷಿಣೆ ಕೊಟ್ಟು ಕಳುಹಿಸುತ್ತಾರೆ. ಜಗಲಿಯ ಮೇಲೆ ಕಂಬಳಿ ಹೊದ್ದು, ತೂಕಡಿಸುತ್ತ, ದೂರದ ಗುಡ್ಡದಲ್ಲಿ ಬೆಳಕಿನ ಚುಕ್ಕೆ ಕಾಣುವವರೆಗೆ ಕಾಯುವ ಮಗುವಿಗೆ ಕತ್ತಲೆಯ ಪರಿಚಯವಾಗುತ್ತದೆ. ಪಟಾಕಿಯ ಸದ್ದಿನಲ್ಲಿ ಆ ಹಾಡು ಕೇಳಿಸುವುದೂ ಇಲ್ಲ.

ಪಟಾಕಿಯ ಮಾತು ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಸದ್ದಿಲ್ಲದ ಕಾರಣ ಪುಟ್ಟ ಮಕ್ಕಳಿಗೆ ಹಾವಿನ ಮಾತ್ರೆಯೂ ಸುರುಸುರುಬತ್ತಿಯೂ ಸುರಕ್ಷಿತವೆಂದು ಪಾಲಕರು ನಂಬಿದ್ದಾರೆ. 2016ರಲ್ಲಿ ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ಸಾಮಾನ್ಯ ಪಟಾಕಿಗಳ ಹೊಗೆಯನ್ನು ಅಳೆದಾಗ, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳನ್ನು ಎಲ್ಲಕ್ಕಿಂತ ಹೆಚ್ಚು ಹೊರಬಿಟ್ಟದ್ದು ಹಾವಿನ ಮಾತ್ರೆಯೇ. ಅದನ್ನು ಹಚ್ಚಿದ ಮಗು ಕುಕ್ಕರುಗಾಲಿನಲ್ಲಿ ಅದರ ಮೇಲೆಯೇ ಬಾಗಿ ನೋಡುತ್ತಿರುತ್ತದೆ. ಇನ್ನು ಕಾನೂನು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಹೊಡೆಯಕೂಡದು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ದೀಪಾವಳಿಯಂದು 8ರಿಂದ 10 ಗಂಟೆಯವರೆಗೆ ಮಾತ್ರ, ಅದೂ ಹಸಿರು ಪಟಾಕಿಗೆ ಮಾತ್ರ ಅವಕಾಶವಿತ್ತು, ಬೇರಿಯಂ ಲವಣಗಳ ಬಳಕೆಯನ್ನು ನಿಷೇಧಿಸಿತು. ಸಂಜೆ ಸಿಂಗರಿಸಿಕೊಂಡು ನಿಂತ ದನ ಅದೇ ರಾತ್ರಿ ಸದ್ದಿಗೆ ಬೆದರಿ ಹಗ್ಗ ಜಗ್ಗುವುದನ್ನು ಮಗುವಿಗೆ ತೋರಿಸಿದರೆ ಕಾನೂನಿನ ಪಾಠ ಬೇಕಾಗಲಿಕ್ಕಿಲ್ಲ.

ತುಳಸಿ ಪೂಜೆಗೆ ಕಾಯಿ ಸಹಿತವಾದ ನೆಲ್ಲಿಯ ಕೊಂಬೆ ಬೇಕು. ಒಂದು ಮನೆಗೆ ಒಂದು ಚಿಕ್ಕ ಟೊಂಗೆಯಾದರೆ ಮರಕ್ಕೆ ಭಾರವಲ್ಲ. ಪೇಟೆಯ ರಸ್ತೆಬದಿಯ ಮಾರಾಟಕ್ಕೆಂದು ಕಾಡಂಚಿನ ಮರಗಳ ಫಲಭರಿತ ಕೊಂಬೆಗಳನ್ನೇ ಕಡಿದು ಹೊರೆಹೊರೆಯಾಗಿ ಸಾಗಿಸುವುದು ಬೇರೆ ಮಾತು. ಕಾಯಿ ಬಲಿತು ಉದುರುವ ಮೊದಲೇ ಕೊಂಬೆ ಹೋದರೆ, ಬಿದ್ದ ನೆಲ್ಲಿ ತಿಂದು, ಮೆಲುಕು ಹಾಕುವಾಗ ಗೊರಟನ್ನು ದೂರದಲ್ಲೆಲ್ಲೋ ಉಗುಳುವ ಜಿಂಕೆ, ಕಾಡುಕುರಿಗಳಿಗೆ ಆ ವರ್ಷ ಪಾಲಿಲ್ಲ. ಹೊಸ ಸಸಿಯೂ ಇಲ್ಲ. ಹಿರಿಯರು ಇದಕ್ಕೆ ಬೇರೊಂದು ದಾರಿಯನ್ನೂ ಇಟ್ಟಿದ್ದಾರೆ: ಕಾರ್ತಿಕದ ವನಭೋಜನ. ಮರವನ್ನು ಮನೆಗೆ ತರುವುದಲ್ಲ, ಮನೆಯವರೇ ನೆಲ್ಲಿಯ ಮರದಡಿಗೆ ಹೋಗಿ ಉಣ್ಣುವುದು. ಮಕ್ಕಳೊಡನೆ ಆಚರಿಸಲು ಇದಕ್ಕಿಂತ ತಕ್ಕುದು ಮತ್ತೊಂದಿಲ್ಲ. ತಟ್ಟೆ, ಲೋಟಗಳನ್ನು ಮನೆಯಿಂದಲೇ ಒಯ್ಯಬೇಕು. ಉಂಡೆದ್ದ ಜಾಗದಲ್ಲಿ ಪ್ಲಾಸ್ಟಿಕ್ ಬಿಟ್ಟು ಬರುವುದಾದರೆ ವನಭೋಜನ ಮಾಡದಿರುವುದೇ ಲೇಸು.

ಡಿಸೆಂಬರ್ ಬಂದಮೇಲೆ ಮಾತ್ರ ಪುಟ್ಟ ಮಕ್ಕಳನ್ನು ಕಾಡಿನೊಳಗೆ ಕರೆದೊಯ್ಯುವುದನ್ನು ನಿಲ್ಲಿಸಬೇಕು. ಕಾರಣ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. ಎಳೆಯ ಉಣುಗುಗಳು ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಹಳೆಯ ಲಸಿಕೆಯನ್ನು 2022ರಲ್ಲಿ ಕೈಬಿಡಲಾಯಿತು. ಕಾಡಿನಿಂದ ತಂದ ದರಕಿನ ರಾಶಿಯ ಮೇಲೆ ಮಕ್ಕಳು ಹೊರಳಾಡುವುದು ಹಳ್ಳಿಯ ಪ್ರಿಯವಾದ ಆಟ. ಈ ತಿಂಗಳುಗಳಲ್ಲಿ ಅದನ್ನು ತಪ್ಪಿಸಬೇಕು. ಕಾಡಿಗೆ ಹೋಗಿ ಬಂದ ದೊಡ್ಡವರು ಬಿಸಿನೀರು, ಸೋಪಿನಲ್ಲಿ ಮಿಂದು, ಬಟ್ಟೆ ಒಗೆಯಲು ಹಾಕಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಒಮ್ಮಿಂದೊಮ್ಮೆಲೆ ಜೋರಾದ ಜ್ವರ, ತಲೆನೋವು ಕಾಣಿಸಿದರೆ ಕಷಾಯದಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಪ್ರಕೃತಿಪ್ರೀತಿಯ ಹೆಸರಿನಲ್ಲಿ ಇದನ್ನು ಮರೆಮಾಚುವುದು ಮಕ್ಕಳಿಗೆ ಮಾಡುವ ದ್ರೋಹ.

ಹೀಗಾಗಿ ಸಂಕ್ರಾಂತಿ ಅಂಗಳದ ಹಬ್ಬವಾಗಲಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿ ಹಂಚುವ ಪದ್ಧತಿ ಹಳೇ ಮೈಸೂರಿನ ಕಡೆಯದಾದರೂ ಮಲೆನಾಡಿನ ಪೇಟೆಗಳಲ್ಲೂ ಬೇರೂರಿದೆ. ಬೆರೆಸುವುದು, ಹಳೆಯ ಕಾಗದದಲ್ಲಿ ಪೊಟ್ಟಣ ಕಟ್ಟುವುದು, ಮನೆಮನೆಗೆ ಕೊಂಡೊಯ್ಯುವುದು ಪೂರ್ತಿಯಾಗಿ ಮಕ್ಕಳ ಕೆಲಸ. ಉಡುಗೊರೆಯೆಂದು ಅದರೊಡನೆ ಪ್ಲಾಸ್ಟಿಕ್ ಡಬ್ಬಿ ಕೊಡುವ ಹೊಸ ಚಾಳಿ ಅನಗತ್ಯ.

ಸಂಕ್ರಾಂತಿಯ ಬಿಸಿಲು ಇನ್ನೊಂದು ಕೆಲಸಕ್ಕೂ ಒದಗುತ್ತದೆ. ಚೆನ್ನಾಗಿ ಬಲಿತ ನೆಲ್ಲಿಕಾಯಿಯ ತಿರುಳು ತಿಂದು, ಗೊರಟುಗಳನ್ನು ಮೊರದಲ್ಲಿ ಹರಡಿ ಅಂಗಳದಲ್ಲಿಡಬೇಕು. ಕೆಲವು ದಿನ ಒಣಗಿದ ಮೇಲೆ ಗೊರಟು ಚಟ್ಟೆಂದು ತಾನಾಗಿ ಸಿಡಿದು ಬೀಜ ಹೊರಬೀಳುತ್ತದೆ. ಒಂದು ಗೊರಟಿನಲ್ಲಿ ಆರು ಬೀಜ. ಮೊರದ ಸುತ್ತ ಕುಳಿತ ಮಕ್ಕಳು ಸದ್ದು ಬಂದ ಕಡೆ ತಿರುಗುವಷ್ಟರಲ್ಲಿ ಇನ್ನೊಂದು ಸಿಡಿದಿರುತ್ತದೆ. ಆರಿಸಿದ ಬೀಜವನ್ನು ಬೇಸಿಗೆಯ ಮೊದಲಲ್ಲಿ ಮಣ್ಣು, ಗೊಬ್ಬರ ತುಂಬಿದ ತೆಂಗಿನ ಚಿಪ್ಪಿನಲ್ಲಿ ಬಿತ್ತಿ, ಮೊಳಕೆ ಬಲಿತ ಮೇಲೆ ದೊಡ್ಡ ಕುಂಡಕ್ಕೆ ದಾಟಿಸಿ, ಮಳೆ ಹಿಡಿದ ಮೇಲೆ ಅಂಗನವಾಡಿಯ ಹಿಂದೆಯೋ ಮನೆಯ ಹಿತ್ತಲಿನಲ್ಲೋ ನೆಡಬಹುದು. ದನ ಮೇಯದಂತೆ ಮೂರು ವರ್ಷ ಮುಳ್ಳು ಕಟ್ಟಬೇಕು. ಬೀಜದಿಂದ ಎದ್ದ ನೆಲ್ಲಿ ಕಾಯಿ ಬಿಡಲು ಏಳೆಂಟು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಇಂದಿನ ಅಂಗನವಾಡಿಯ ಮಗು ಆರನೆಯ ತರಗತಿ ದಾಟಿರುತ್ತದೆ, ತುಳಸಿ ಪೂಜೆಗೆ ಬೇಕಾದ ಟೊಂಗೆಯನ್ನು ತಾನೇ ಹತ್ತಿ ಕೊಯ್ಯುವಷ್ಟು ದೊಡ್ಡದಾಗಿರುತ್ತದೆ.